ಎಡಗಡೆ ಬಾಗಿಲಿನ ಮನೆ

ದಾವಣಗೆರೆ
14-10-2024

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಮೂರನೇ ಮಾತಿಗೆ ಇಬ್ಬರ ದನಿಯೂ ಏರುತ್ತದೆ, ನಾಲ್ಕನೆಯದಕ್ಕೆ ಕೈಲಾಸ್ ಭಾವ ನಿನ್ನ ಕೈಯಿಂದ ಫೋನ್ ಕಿತ್ತುಕೊಳ್ಳುತ್ತಾರೆ. ಅದಕ್ಕೇ ಕಾಗದ. ಇದನ್ನು ಹರಿದು ಹಾಕುವುದಿದ್ದರೂ ಪೂರ್ತಿ ಓದಿದ ಮೇಲೇ ಹರಿಯುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತು.

ವಿಷಯ ಇಷ್ಟು. ನಾನೊಂದು ಮನೆ ಕಟ್ಟಿದ್ದೇನೆ. ಗಾಬರಿಯಾಗಬೇಡ, ಗೃಹಪ್ರವೇಶಕ್ಕೆ ಕರೆಯುತ್ತಿಲ್ಲ. ಈ ಮನೆಗೆ ಆರು ಚಕ್ರಗಳಿವೆ. ಒಂದು ಶಾಲೆಯವರು ಮಾರಿದ ಹಳೆಯ ಮಿನಿ ಬಸ್ಸನ್ನು ತಂದು, ಸೀಟೆಲ್ಲ ಕಿತ್ತು, ಎಂಟು ತಿಂಗಳು ಅದರ ಹಿಂದೆ ಬಿದ್ದೆ. ಒಳಗೆ ಇಬ್ಬರು ಮಲಗುವ ಮಂಚ, ಅಡುಗೆಮನೆ, ಸ್ನಾನದ ಮನೆ, ನೀರಿನ ಟ್ಯಾಂಕು ಎಲ್ಲ ಇದೆ. ಆರ್‌ಟಿಒ ಕಾಗದಪತ್ರವೂ ಸರಿಯಾಗಿದೆ. ನಲವತ್ತು ವರ್ಷ ಊರವರಿಗೆಲ್ಲ ಬಸ್ಸಿನ ಬಾಡಿ ಕಟ್ಟಿಕೊಟ್ಟೆ, ಇದೊಂದು ನನಗೆ. ಶೆಡ್ಡನ್ನು ಈಗ ಮಗ ಕುಶಾಲ್ ನೋಡಿಕೊಳ್ಳುತ್ತಿದ್ದಾನೆ, ನನಗೂ ಮಹಾನಂದಳಿಗೂ ತಿರುಗಾಡಲು ಹೊತ್ತಿದೆ.

ಮೊದಲ ಪ್ರಯಾಣ ಬೆಂಗಳೂರಿಗೆ. ಚಾಮರಾಜಪೇಟೆಯಲ್ಲಿ ಚಿಕ್ಕಮ್ಮನನ್ನು ನೋಡಬೇಕು, ಬಿನ್ನಿಪೇಟೆಯಲ್ಲಿ ಮಾವನ ಮಕ್ಕಳಿದ್ದಾರೆ. ಉಳಿದ ಎರಡು ದಿನ ಗಾಡಿಯನ್ನು ನಿನ್ನ ಮನೆಯ ಮುಂದೆ ನಿಲ್ಲಿಸುವ ಯೋಚನೆ. ಒಳಗೆ ಬರುವುದಿಲ್ಲ. ನೀನು ನನ್ನ ಹೊಸ್ತಿಲು ತುಳಿಯುವವರೆಗೆ ನಿನ್ನದನ್ನು ನಾನು ತುಳಿಯುವುದಿಲ್ಲ ಎಂದಿದ್ದೆ, ಹನ್ನೊಂದು ವರ್ಷದಿಂದ ನಡೆಸಿಕೊಂಡೂ ಬಂದಿದ್ದೇನೆ. ನಿನ್ನ ಮೊಣಕಾಲಿನ ಆಪರೇಷನ್ ಆದಾಗಲೂ ಬೀದಿಯಲ್ಲೇ ನಿಂತು ಮೂಸಂಬಿ ಚೀಲ ಭಾವನ ಕೈಗೆ ಕೊಟ್ಟು ಹೋದವನು ನಾನು. ಈಗ ನನ್ನ ಮನೆ ನನ್ನ ಜೊತೆಗೇ ಬರುವುದರಿಂದ ನಿನಗೂ ತೊಂದರೆಯಿಲ್ಲ, ನನಗೂ ಇಲ್ಲ.

ನಿಮ್ಮ ರಸ್ತೆಯ ಅಗಲ ಎಷ್ಟಿದೆ ಎಂದು ತಿಳಿಸಬೇಕು.

ಇಂತಿ,
ಎಂ. ನಂದಕುಮಾರ್


ಎನ್.ಆರ್. ಕಾಲೋನಿ
21-10-2024

ನಂದ,

ಅಕ್ಕನಿಗೆ ಲೆಟರ್‌ಹೆಡ್ಡಿನಲ್ಲಿ ಕಾಗದ ಬರೆದವನು ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ತಲೆಯ ಮೇಲೆ ‘ಎಲ್ಲ ಬಗೆಯ ಬಸ್ಸುಗಳ ಬಾಡಿ ಕಟ್ಟಿಕೊಡಲಾಗುವುದು’ ಎಂದು ದಪ್ಪ ಅಕ್ಷರ, ಕೆಳಗೆ ಮೂರು ಫೋನ್ ನಂಬರು. ನನಗೆ ಬಸ್ಸು ಬೇಕಾಗಿಲ್ಲ. ಇನ್ನು ಮೇಲೆ ಬಿಳಿ ಹಾಳೆಯಲ್ಲಿ ಬರಿ.

ನನ್ನ ಮನೆ ಮುಂದೆ ಬಂದು ಗಾಡಿಯೊಳಗೆ ಮಲಗುತ್ತೀಯಾ? ನಿನಗೆ ತಲೆಗಿಲೆ ಕೆಟ್ಟಿದೆಯಾ? ಮೂವತ್ತೈದು ವರ್ಷದಿಂದ ಇದೇ ಬೀದಿಯಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡು ತಲೆಯೆತ್ತಿ ಬದುಕಿದವಳು ನಾನು. ಒಬ್ಬರಿಂದ ಒಂದು ಮಾತು ಕೇಳಿದವಳಲ್ಲ. ನಾಳೆ ಬದನೆಕಾಯಿ ಆರಿಸುವ ಹೆಂಗಸರೆಲ್ಲ, ‘ಶಿವಕುಮಾರಮ್ಮ, ನಿಮ್ಮ ತಮ್ಮ ಬೀದೀಲಿ ಮಲಗಿದ್ರಂತೆ’ ಎಂದು ಕೇಳಿದರೆ ನಾನು ಯಾವ ಮುಖ ಇಟ್ಟುಕೊಂಡು ತಕ್ಕಡಿ ಹಿಡಿಯಲಿ?

ಹೊಸ್ತಿಲಿನ ಮಾತು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ನಮ್ಮ ಕಡೆ ಹೊಸ ಮನೆಯ ಒಲೆ ಹಚ್ಚಿ ಹಾಲು ಉಕ್ಕಿಸುವವಳು ಮನೆಮಗಳು. ಸೊಪ್ಪಿನ ಗಾಡಿ ತಳ್ಳಿ ಬದುಕಿದ ಅಪ್ಪ ಬಿನ್ನಿಪೇಟೆಯಲ್ಲಿ ಒಂದೂವರೆ ಕೋಣೆಯ ಮನೆ ಕಟ್ಟಿದಾಗ ಕೋಲಾರದಿಂದ ಸೋದರತ್ತೆಯನ್ನು ಕರೆಸಿದ್ದರು. ಅವಳ ಬಸ್ಸು ತಡವಾಯಿತೆಂದು ಎಲ್ಲರನ್ನೂ ಉಪವಾಸ ಕೂರಿಸಿದ್ದರು. ನೀನು ಊರಿಗೇ ದೊಡ್ಡ ಮನೆ ಕಟ್ಟಿದೆ. ನಾನು ಹಾಲಿನ ಪಾತ್ರೆಗೆ ಕಲಾಯಿ ಹಾಕಿಸಿ, ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಒಳಗೆ ಕಾಲಿಟ್ಟು ನೋಡಿದರೆ ಯಾವನೋ ಬಸ್ ಕಂಪನಿ ಮಾಲೀಕನ ಹೆಂಡತಿ ನಿನ್ನ ಒಲೆಯ ಮುಂದೆ ನಿಂತಿದ್ದಾಳೆ, ಹಾಲು ಉಕ್ಕಿ ಆಗಿದೆ, ಫೋಟೋ ತೆಗೆಯುತ್ತಿದ್ದಾರೆ. ಸ್ವಂತ ಅಕ್ಕನಿಗೆ ಕಾಯಲಿಲ್ಲ ನೀನು. ಮುಂದಿನ ಬಸ್ಸಿಗೇ ಹೊರಟು ಬಂದೆ, ನಿನ್ನ ಮನೆಯ ನೀರೂ ಕುಡಿಯಲಿಲ್ಲ. ಇನ್ನು ಆ ಹೊಸ್ತಿಲು ತುಳಿಯುವವಳಲ್ಲ. ನಿನ್ನ ಮಗಳು ಲಾವಣ್ಯಳ ಮದುವೆಗೆ ಬಂದೆನಲ್ಲ ಎನ್ನಬೇಡ, ಅದು ಕಲ್ಯಾಣ ಮಂಟಪ, ನಿನ್ನ ಮನೆಯಲ್ಲ.

ನವೆಂಬರ್ ಕೊನೆಗೆ ಬರಬೇಡ. ಪರಿಷೆಗೆ ಬಸವನಗುಡಿ ರಸ್ತೆಯಲ್ಲೆಲ್ಲ ಕಡಲೆಕಾಯಿ ರಾಶಿ ಹಾಕಿರುತ್ತಾರೆ, ಸೈಕಲ್ಲೂ ಹೋಗುವುದಿಲ್ಲ.

ರಸ್ತೆಯ ಅಗಲ ಒಂದು ಸೀರೆ, ಮೇಲೆ ಎರಡು ಮೊಳ. ಟೇಪ್ ಸಿಗಲಿಲ್ಲ. ಸೆರಗಿನ ತುದಿಯನ್ನು ನಿಮ್ಮ ಭಾವ ಎದುರುಮನೆ ಗೋಡೆಗೆ ಒತ್ತಿ ಹಿಡಿದುಕೊಂಡಿದ್ದರು. ಒಗೆದ ಸೀರೆ ಒಣಗಿಸುತ್ತಿದ್ದೇವೆಂದು ತಿಳಿದು ಒಬ್ಬ ಸ್ಕೂಟರಿನವನು ಅದರಡಿ ಬಗ್ಗಿಕೊಂಡು ಹೋದ.

ಬಾ ಎಂದು ನಾನೇನೂ ಕರೆದಿಲ್ಲ. ನೀನು ಅಗಲ ಕೇಳಿದ್ದೆ, ತಿಳಿಸಿದ್ದೇನೆ.

ಶಿವಕುಮಾರಿ


ದಾವಣಗೆರೆ
4-11-2024

ಅಕ್ಕ,

ಬಿಳಿ ಹಾಳೆಯಲ್ಲೇ ಬರೆದಿದ್ದೇನೆ.

ಹಳೆಯದನ್ನು ಕೆದಕಬೇಡ. ಅವತ್ತು ಮುಹೂರ್ತ ಮೀರುತ್ತಿತ್ತು ಎಂದು ಸಾವಿರ ಸಲ ಹೇಳಿದ್ದೇನೆ.

ನಿನ್ನ ಸೀರೆಯನ್ನು ಆರೂಕಾಲು ಮೀಟರು ಎಂದು ಲೆಕ್ಕ ಹಾಕಿಕೊಂಡೆ. ಗಾಡಿ ನಿಲ್ಲುತ್ತದೆ, ಪಕ್ಕದಲ್ಲಿ ಆಟೋ ಹೋಗಲು ಜಾಗವೂ ಉಳಿಯುತ್ತದೆ. ದೀಪಾವಳಿಗೆ ಗಾಡಿ ಪೂಜೆ ಮಾಡಿದೆವು. ನೋಡಲು ಹರಿಹರದಿಂದಲೂ ಜನ ಬಂದಿದ್ದರು. ಒಬ್ಬರು ಇಂಥದ್ದೇ ಇನ್ನೊಂದು ಮಾಡಿಕೊಡು ಎಂದರು. ಆಗುವುದಿಲ್ಲ ಎಂದೆ. ಜಂಬ ಎಂದುಕೊಂಡರೆ ಅಂದುಕೋ. ಒಳಗಿನ ಒಂದೊಂದು ಹಲಗೆಯನ್ನೂ ನಾನೇ ಉಜ್ಜಿದ್ದೇನೆ, ಕೆಲಸದವರಿಗೆ ಮುಟ್ಟಲೂ ಬಿಟ್ಟಿಲ್ಲ. ತಗಡು ಕೂಡಿಸಲು ರಿವೆಟ್ ಹೊಡೆದ ಜಾಗದಲ್ಲಿ ಕೈಯಾಡಿಸಿದರೆ ಎಲ್ಲಿ ಹೊಡೆದಿದೆ ಎಂದು ಗೊತ್ತಾಗಬಾರದು, ಹಾಗೆ ಕೂರಿಸಿದ್ದೇನೆ.

ಹತ್ತುವ ಮೆಟ್ಟಿಲನ್ನು ಮೊದಲು ಬಸ್ಸಿಗೆ ಇಡುವಂತೆ ಎತ್ತರಕ್ಕೇ ಇಟ್ಟಿದ್ದೆ. ಆಮೇಲೆ ಅದನ್ನು ಕತ್ತರಿಸಿ, ಅರ್ಧರ್ಧ ಎತ್ತರದ ನಾಲ್ಕು ಮಾಡಿ, ಹಿಡಿದುಕೊಳ್ಳಲು ಸ್ಟೀಲಿನ ಹಿಡಿಕೆ ಬೆಸೆದೆ. ಮೊಣಕಾಲು ನೋಯುವವರು ಯಾರಾದರೂ ಹತ್ತಬಹುದು ಎಂದು. ಮಹಾನಂದಳ ಮೊಣಕಾಲು ಗಟ್ಟಿಯಾಗೇ ಇದೆ, ಆದರೂ ಇರಲಿ ಎಂದು ಮಾಡಿದೆ.

ಅಪ್ಪ ನಿಮ್ಮ ಬಸವನಗುಡಿಯ ಬೀದಿಗಳಲ್ಲೇ ಸೊಪ್ಪು ಕೂಗುತ್ತಾ ಗಾಡಿ ತಳ್ಳುತ್ತಿದ್ದದ್ದು. ಅಪ್ಪ ನೀರು ಕೇಳಿದರೆ ಒಬ್ಬಾಕೆ ಗೇಟಿನ ಹೊರಗೇ ನಿಲ್ಲಿಸಿ ಮೇಲಿಂದ ಕೈಗೆ ಹೊಯ್ದಳಂತೆ, ಅದನ್ನು ಒಂದೇ ಸಲ ಹೇಳಿ ಮತ್ತೆ ಬಾಯಿ ಬಿಡಲಿಲ್ಲ. ಆ ಸೊಪ್ಪಿನ ಮುನಿಶಾಮಪ್ಪನ ಮಗ ಅದೇ ಬೀದಿಗೆ ತಾನೇ ಕಟ್ಟಿದ ಮನೆಯನ್ನು ಓಡಿಸಿಕೊಂಡು ಬರುತ್ತಿದ್ದಾನೆ. ನಿನಗೆ ಬೀದಿಯವರ ಮಾತಿನದೇ ಚಿಂತೆಯಾದರೆ ಇದನ್ನೂ ಅವರಿಗೆ ಹೇಳು.

ಡಿಸೆಂಬರ್ ಏಳು, ಶನಿವಾರ ಸಂಜೆ ತಲುಪುತ್ತೇವೆ.

ನಂದಕುಮಾರ್


ದಾವಣಗೆರೆ
16-11-2024

ಅತ್ತಿಗೆಯವರಿಗೆ ಮಹಾನಂದಳ ನಮಸ್ಕಾರ.

ನಾನು ಈ ಕಾಗದ ಬರೆದದ್ದು ಅವರಿಗೆ ಗೊತ್ತಿಲ್ಲ. ಗೊತ್ತಾದರೂ ನನ್ನನ್ನೇನೂ ಮಾಡಲಾರರು.

ನಿಮ್ಮ ತಮ್ಮ ಮೆಟ್ಟಿಲಿನ ವಿಷಯ ಬರೆದಿರುತ್ತಾರೆ, ರಿವೆಟ್ಟಿನ ವಿಷಯ ಬರೆದಿರುತ್ತಾರೆ. ಬರೆಯದೇ ಇರುವುದನ್ನು ನಾನು ಬರೆಯುತ್ತೇನೆ. ಗಾಡಿಯ ಕೆಲಸ ಮುಗಿದು ಎರಡು ತಿಂಗಳಾಯಿತು. ಪರೀಕ್ಷೆ ಮಾಡಲು ಅಂತ ಹೊಸದುರ್ಗದವರೆಗೆ ಹೋಗಿ ಬಂದೆವು, ಒಂದು ರಾತ್ರಿ ಅದರಲ್ಲೇ ಮಲಗಿದೆವು. ಬೆಳಿಗ್ಗೆ ಎದ್ದು ಚಹಾ ಮಾಡೋಣವೆಂದು ಲೈಟರ್ ತೆಗೆದುಕೊಂಡರೆ ಕೈಯಿಂದ ಕಸಿದುಕೊಂಡರು. ಒಲೆ ಹಚ್ಚಬಾರದಂತೆ. ಏಕೆ ಎಂದೆ. ‘ಅಕ್ಕ ಇನ್ನೂ ಬಂದಿಲ್ಲವಲ್ಲ’ ಎಂದರು. ದಾರಿಬದಿಯ ಹೋಟೆಲಿನಲ್ಲಿ ಚಹಾ ಕುಡಿದೆವು.

ಆ ದಿನ ನಾನೂ ಅದೇ ಮನೆಯಲ್ಲಿದ್ದೆ ಅತ್ತಿಗೆ. ಅಕ್ಕ ಬರಲಿ ಎಂದು ನಾನಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನನಗೂ ಆ ದೊಡ್ಡ ಜನರ ಮುಂದೆ ಬಾಯಿ ಕಟ್ಟಿತ್ತು. ನಿಮ್ಮ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಅವರು ನಿಮ್ಮನ್ನು ಕರೆಯುವುದಿಲ್ಲ, ನೀವು ಕರೆಯದೆ ಹತ್ತುವುದಿಲ್ಲ. ನಿಮ್ಮಿಬ್ಬರ ಮಧ್ಯೆ ನನಗೆ ಚಹಾ ಇಲ್ಲದೆ ಬೆಂಗಳೂರು ನೋಡುವ ಯೋಗ ಇದ್ದರೆ ಹಾಗೇ ಆಗಲಿ.

ನಿಮ್ಮ,
ಮಹಾನಂದ


ಮನೆಯಿಂದ
8-12-2024, ಬೆಳಿಗ್ಗೆ

ನನ್ನ ಗೇಟಿನ ಪಕ್ಕ ನಿಂತಿರುವ ಗಾಡಿಯವರಿಗೆ,

ಇದನ್ನು ನಿಮ್ಮ ಭಾವನ ಕೈಲಿ ಕಳಿಸುತ್ತಿದ್ದೇನೆ. ಓದಿ ಅವರ ಕೈಲೇ ಉತ್ತರ ಕಳಿಸು. ಕಿಟಕಿಯಿಂದ ಕೂಗಬೇಡ.

ನಿನ್ನೆ ಸಂಜೆ ನೀನು ಬರುತ್ತೀಯೆಂದು ಅಂಗಡಿ ಬೇಗ ಮುಚ್ಚಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹೊಸ ಸೀರೆ ಉಟ್ಟು ನಿಂತಿದ್ದೆ. ಹೌದು, ನಿಂತಿದ್ದೆ. ನೀನು ಏನು ಮಾಡಿದೆ? ನನ್ನ ಮನೆಗೆ ಬೆನ್ನು ಹಾಕಿ ಗಾಡಿ ನಿಲ್ಲಿಸಿದೆ. ನನಗೆ ಕಂಡದ್ದು ಬರೀ ತಗಡು. ನಿನ್ನ ಬಾಗಿಲು ತೆರೆದದ್ದು ಎದುರುಮನೆಯ ಕಡೆಗೆ. ಆ ಮನೆಯ ನಂದಿತಾ ತಟ್ಟೆಯಲ್ಲಿ ಕೋಸಂಬರಿ ಹಿಡಿದುಕೊಂಡು ಬಂದು ನಿನ್ನ ಹೆಂಡತಿಯ ಹತ್ತಿರ ಅರ್ಧ ಗಂಟೆ ನಕ್ಕು ಹೋದಳು. ಸ್ವಂತ ಅಕ್ಕ ಈ ಕಡೆ ತಗಡು ನೋಡುತ್ತಾ ನಿಂತಳು.

ಇನ್ನೂರೈವತ್ತು ಕಿಲೋಮೀಟರು ಬಂದದ್ದು ಇದಕ್ಕೇನಾ?

ಶಿವಕುಮಾರಿ


ಗಾಡಿಯಿಂದ
8-12-2024

ಅಕ್ಕ,

ತಪ್ಪು ಅರ್ಧ ನಿನ್ನದು. ಅಗಲ ಅಳೆದು ಕಳಿಸಿದೆ, ರಸ್ತೆ ಒನ್‌ವೇ ಎಂದು ಬರೆಯಲಿಲ್ಲ. ಆ ತುದಿಯಿಂದಲೇ ಬರಬೇಕಾಯಿತು, ನಿನ್ನ ಮನೆ ಬಲಕ್ಕೆ ಸಿಕ್ಕಿತು.

ಉಳಿದರ್ಧ ನನ್ನದು. ನಲವತ್ತು ವರ್ಷದಲ್ಲಿ ನಾನು ಕಟ್ಟಿದ ಒಂದು ಬಸ್ಸಿಗೂ ಬಲಕ್ಕೆ ಬಾಗಿಲಿಟ್ಟಿಲ್ಲ. ಮನೆ ಕಟ್ಟುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿದೆ, ಆದರೆ ಕೈ ಬಸ್ಸನ್ನೇ ಕಟ್ಟಿತು. ಯಾರ ಮನೆಯ ಮುಂದೆ ನಿಲ್ಲಿಸಲು ಕಟ್ಟುತ್ತಿದ್ದೇನೋ ಅವರ ಮನೆ ಯಾವ ಕಡೆಗಿದೆ ಎಂದು ಒಂದು ಸಲ ಯೋಚಿಸಲಿಲ್ಲ. ನಿನ್ನೆಯಿಂದ ನನಗೂ ಊಟ ಸೇರಿಲ್ಲ.

ಸುಮ್ಮನೆ ತಗಡು ಎನ್ನಬೇಡ. ನಿನ್ನ ಕಡೆಗೆ ಅಡುಗೆಮನೆಯ ಕಿಟಕಿ ಇದೆ, ನಿನ್ನ ನಡುಮನೆಯ ಕಿಟಕಿಗೆ ಸರಿಯಾಗಿ ಎದುರಿಗೆ. ಅದನ್ನು ತೆರೆದೇ ಇಟ್ಟಿರುತ್ತೇನೆ.

ಬುಧವಾರ ಹೊರಡುತ್ತೇವೆ.

ನಂದ


ಎನ್.ಆರ್. ಕಾಲೋನಿ
19-12-2024

ನಂದ,

ಸುಖವಾಗಿ ತಲುಪಿದ ಸುದ್ದಿ ಮಹಾನಂದ ತಿಳಿಸಿದಳು. ಫೋನಿನಲ್ಲಿ ಹೇಳಬಹುದಾದದ್ದನ್ನೆಲ್ಲ ಅವಳಿಗೆ ಹೇಳಿದ್ದೇನೆ. ಇದು ಕಾಗದಕ್ಕೆ ಎಂದು ಉಳಿಸಿಕೊಂಡದ್ದು.

ಆ ಸೋಮವಾರ ನೀನು ಗಾಡಿಯ ಬಾಗಿಲ ಕಡೆ ಇದ್ದೆ, ಈ ಕಡೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ನಾನು ಕಿಟಕಿಯ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕೇಳಿಸಿಕೊಳ್ಳಲು ಕೂತಿರಲಿಲ್ಲ. ಕೂತಿದ್ದೆ ಎಂದರೂ ತಪ್ಪೇನಿಲ್ಲ, ಅದು ನನ್ನ ಕಿಟಕಿ. ಗಾಡಿ ನೋಡಲು ಅರ್ಧ ಬೀದಿ ಸೇರಿತ್ತು. ನಮ್ಮ ಮಾಜಿ ಕಾರ್ಪೊರೇಟರ್ ಹೆಂಡತಿ ಬಂದು ಹತ್ತಿದ್ದು ದನಿಯಲ್ಲೇ ಗೊತ್ತಾಯಿತು. ಮಂಚ ಹೊಗಳಿದರು, ಟ್ಯಾಂಕು ಹೊಗಳಿದರು, ಅಡುಗೆಮನೆಗೆ ಬಂದು ಒಲೆ ಇಷ್ಟು ಫಳಫಳ ಇದೆಯಲ್ಲ, ಬಳಸಿಯೇ ಇಲ್ಲವಾ ಎಂದರು. ಮಹಾನಂದ ಏನೋ ತಡವರಿಸಿದಳು. ಆಗ ಅವರು, ಹಾಗಾದರೆ ಹಾಲು ತರಿಸಿ, ನನ್ನ ಕೈಯಿಂದಲೇ ಉಕ್ಕಿಸಿಕೊಡುತ್ತೇನೆ, ನನ್ನ ಕೈಗುಣ ಒಳ್ಳೆಯದು ಎಂದರು. ಹೊರಗೆ ಜನ ಚಪ್ಪಾಳೆ ಕೂಡ ತಟ್ಟಿದರು.

ನನ್ನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು ನಂದ. ಇನ್ನೊಂದು ಸಲ ಆಯಿತು, ಇವನ ಹಣೆಯಲ್ಲಿ ಇಷ್ಟೇ ಬರೆದಿದೆ, ನನ್ನ ಹಣೆಯಲ್ಲೂ ಇಷ್ಟೇ ಎಂದುಕೊಂಡೆ. ಎದ್ದು ಕಿಟಕಿ ಮುಚ್ಚಲು ಕೈ ಹಾಕಿದ್ದೆ.

ಆಗ ನಿನ್ನ ದನಿ ಬಂತು.

‘ಬೇಡಿ ಮೇಡಂ. ಬೇಜಾರ್ ಮಾಡ್ಕೋಬೇಡಿ. ಹನ್ನೊಂದು ವರ್ಷದ ಹಿಂದೆ ಒಂದ್ಸಲ ತಪ್ಪು ಮಾಡಿದೀನಿ, ಇನ್ನೊಂದ್ಸಲ ಮಾಡಲ್ಲ. ಈ ಮನೇಲಿ ಹಾಲುಕ್ಸೋಳು ನಮ್ಮಕ್ಕ. ಅವಳು ಬರ್ಲಿಲ್ಲ ಅಂದ್ರೆ ಒಲೆ ಹಿಂಗೇ ಇರ್ಲಿ.’

ಬೀದಿ ತುಂಬ ಜನರ ಮುಂದೆ ಹೇಳಿದೆ. ದೊಡ್ಡವರ ಮುಂದೆ ಹೇಳಿದೆ. ದನಿ ತಗ್ಗಿಸಲಿಲ್ಲ ನೀನು.

ಫ್ರಿಜ್ಜಿನಿಂದ ಹಾಲಿನ ಪ್ಯಾಕೆಟ್ ತೆಗೆದುಕೊಂಡು, ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಬಂದೆ. ಗಾಡಿಯನ್ನು ಸುತ್ತಿ ಆ ಕಡೆ ಬರಬೇಕಲ್ಲ, ಅಷ್ಟು ದೂರ ಮೂರು ಜನ ಎಲ್ಲಿಗೆ ಶಿವಕುಮಾರಮ್ಮ ಎಂದು ಕೇಳಿದರು. ನನ್ನ ತಮ್ಮನ ಮನೆಗೆ ಎಂದೆ. ನಿನ್ನ ಮೆಟ್ಟಿಲು ನಿಜವಾಗಿ ಹದವಾಗಿವೆ, ಹಿಡಿಕೆಯೂ ಸರಿಯಾದ ಎತ್ತರಕ್ಕಿದೆ. ಅದನ್ನು ಅಲ್ಲೇ ಹೇಳಬೇಕಿತ್ತು. ಹೇಳದೆ ಸೀದಾ ಒಲೆಯ ಕಡೆ ಹೋದೆ. ಹಾಲು ಉಕ್ಕುವಾಗ ನೀನು ಮುಖ ಆ ಕಡೆ ತಿರುಗಿಸಿ ಚಿಮಣಿಯ ಸ್ಕ್ರೂ ನೋಡುತ್ತಿದ್ದದ್ದನ್ನು ಕಂಡೆ. ಆ ಸ್ಕ್ರೂ ಸರಿಯಾಗೇ ಇತ್ತು.

ಆಮೇಲೂ ನಾವಿಬ್ಬರೂ ಇದು ಮನೆಯೋ ಗಾಡಿಯೋ, ಇದಕ್ಕೆ ಹತ್ತಿದರೆ ಹೊಸ್ತಿಲು ತುಳಿದಂತೆಯೋ ಅಲ್ಲವೋ ಎಂದು ವಾದ ಮಾಡಿದೆವಲ್ಲ, ನೆನೆದರೆ ನಗು ಬರುತ್ತದೆ. ನಿಮ್ಮ ಭಾವ ಹುಟ್ಟಿದ ಮೇಲೆ ಆಡಿದ ಒಂದೇ ಒಳ್ಳೆಯ ಮಾತೆಂದರೆ ಅವತ್ತಿನದು: ‘ಹಾಲು ಉಕ್ಕಿದ್ಮೇಲೆ ಅದು ಮನೇನೇ. ಈಗ ಎಲ್ರೂ ಊಟಕ್ಕೆ ಬನ್ನಿ.’ ನೀನು ಒಳಗೆ ಬಂದೆ. ಎರಡು ಮುದ್ದೆ ಉಂಡೆ, ಅವರೆಕಾಳಿನ ಸಾರು ಮೂರು ಸಲ ಹಾಕಿಸಿಕೊಂಡೆ. ಉಪ್ಪು ಕಡಿಮೆ ಎಂದೆ. ಇರಲಿಲ್ಲ.

ಈಗ ಅಂಗಡಿಗೆ ಬಂದವರಿಗೆಲ್ಲ ನಾನೇ ಹೇಳುತ್ತೇನೆ. ಕೊತ್ತಂಬರಿ ಕೇಳಿದವರಿಗೂ ರಿವೆಟ್ಟಿನ ಕಥೆ ಹೇಳುತ್ತೇನೆ. ಸೊಪ್ಪಿನ ಮುನಿಶಾಮಪ್ಪನ ಮಗ, ನನ್ನ ತಮ್ಮ, ಕೈಯಾರೆ ಕಟ್ಟಿದ್ದು ಎನ್ನುತ್ತೇನೆ. ಹೇಳುವಾಗ ನನಗೆ ಎದೆ ಇಷ್ಟಗಲ ಆಗುತ್ತದೆ.

ಆದರೆ ಒಂದು ವಿಷಯ ನನ್ನನ್ನು ತಿನ್ನುತ್ತಿದೆ. ನೀನು ತಪ್ಪು ಮಾಡಿದೀನಿ ಎಂದು ಅಷ್ಟು ಜನರ ಮುಂದೆ ಒಪ್ಪಿಕೊಂಡೆ. ನಾನು ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ನಿಮ್ಮ ಭಾವನಿಗೂ ಹೇಳಿಲ್ಲ.

ಆ ಗೃಹಪ್ರವೇಶದ ದಿನ ನಾನು ತಡವಾಗಿ ಬರಲಿಲ್ಲ. ಹೊತ್ತಿಗೆ ಸರಿಯಾಗಿಯೇ ಬಂದಿದ್ದೆ. ಆಟೋ ಇಳಿದು ನಿನ್ನ ಮನೆ ನೋಡಿದೆ, ಅಷ್ಟು ದೊಡ್ಡದು, ಶಾಮಿಯಾನ, ಕಾರುಗಳು, ನನಗೆ ಪರಿಚಯವಿಲ್ಲದ ಜನ. ಸೀದಾ ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ತಮ್ಮ ಹೊರಗೆ ಬಂದು, ಅಕ್ಕ ಬಾ ಎಂದು ಕೈ ಹಿಡಿದು ಕರೆದುಕೊಂಡು ಹೋಗಲಿ, ಇವರೆಲ್ಲ ನೋಡಲಿ ಎಂದು ಗೇಟಿನ ಹೊರಗೇ ನಿಂತೆ. ತುಂಬ ಹೊತ್ತು ನಿಂತೆ. ಒಳಗೆ ಓಲಗ ಊದಿದ್ದೂ ಕೇಳಿಸಿತು, ಮುಹೂರ್ತ ಎಂದು ಗೊತ್ತಿತ್ತು, ಆದರೂ ಕಾಲು ಎತ್ತಲಿಲ್ಲ. ನನ್ನ ಹಕ್ಕನ್ನು ಬೇರೆಯವರು ಕಿತ್ತುಕೊಂಡರು ಎಂದು ಹನ್ನೊಂದು ವರ್ಷ ಹೇಳಿಕೊಂಡು ಬಂದೆ. ಅರ್ಧ ನಾನೇ ಬಿಟ್ಟುಕೊಟ್ಟದ್ದು.

ಇದನ್ನು ಓದಿ ನಿನಗೆ ಕೋಪ ಬಂದರೆ ಬರಲಿ. ಗೊತ್ತಿಲ್ಲದೆ ಇರಬಾರದು ಎಂದು ಬರೆದೆ.

ಶಿವಕ್ಕ


ದಾವಣಗೆರೆ
28-12-2024

ಅಕ್ಕ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮಹಾನಂದ ಕೇಳಿದಳು, ಓದಲು ಕೊಡಲಿಲ್ಲ. ಮೊದಲು ಉತ್ತರ ಬರೆಯಬೇಕಿತ್ತು.

ಕೋಪ ಬರಲಿಲ್ಲ. ನನಗೆ ಗೊತ್ತಿತ್ತು.

ಅವತ್ತು ನಾನು ಮಹಡಿಯ ಕಿಟಕಿಯಲ್ಲಿದ್ದೆ. ನೀನು ಆಟೋ ಇಳಿದದ್ದನ್ನು ನೋಡಿದೆ. ಸೆರಗು ಸರಿ ಮಾಡಿಕೊಂಡೆ, ಪಾತ್ರೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದೆ, ಆಮೇಲೆ ಅಲ್ಲೇ ನಿಂತೆ. ಏಕೆ ನಿಂತೆ ಎಂದು ನನಗೆ ಆಗಲೇ ಅರ್ಥವಾಯಿತು. ನಿನ್ನ ಬೆನ್ನಿಗೆ ಬಿದ್ದು ಬೆಳೆದವನು, ನನಗೆ ತಿಳಿಯದೇ ಇರುತ್ತದೆಯೇ? ಇಳಿದು ಬಂದು ಕರೆಯಬೇಕೆಂದು ಕಾಲು ಹೊರಟದ್ದೂ ನಿಜ. ಆದರೆ ತಮ್ಮನ ಮನೆಗೆ ಬರಲೂ ಇವಳಿಗೆ ಕರೆಯೋಲೆ ಬೇಕಾ, ಇಷ್ಟು ದೊಡ್ಡ ಮನೆ ಕಟ್ಟಿದವನನ್ನು ಇನ್ನೂ ಸೊಪ್ಪಿನ ಬುಟ್ಟಿ ಹಿಡಿಸಿದ ಹುಡುಗ ಎಂದೇ ತಿಳಿದಿದ್ದಾಳಾ, ಬರಲಿ ತಾನಾಗಿಯೇ ಎಂದುಕೊಂಡೆ. ಕೆಳಗೆ ಪುರೋಹಿತರು ಮನೆಮಗಳು ಎಲ್ಲಿ ಎಂದರು. ಬಂದಿಲ್ಲ ಎಂದೆ. ಪಕ್ಕದಲ್ಲಿದ್ದ ಆ ಹೆಂಗಸಿಗೆ ನೀವೇ ಉಕ್ಕಿಸಿ ಎಂದೆ.

ಮುಹೂರ್ತ ಮೀರುತ್ತಿತ್ತು ಎಂದು ಎಲ್ಲರಿಗೂ ಹೇಳಿದೆ, ನಿನಗೂ ಹೇಳಿದೆ, ಮೊನ್ನೆಯ ಕಾಗದದಲ್ಲೂ ಬರೆದೆ. ಮೀರುತ್ತಿರಲಿಲ್ಲ ಅಕ್ಕ. ಇನ್ನೂ ಇಪ್ಪತ್ತು ನಿಮಿಷ ಇತ್ತು.

ಗಾಡಿಯಲ್ಲಿ ಅಷ್ಟು ಜನರ ಮುಂದೆ ತಪ್ಪು ಎಂದದ್ದು ಇದಕ್ಕೆ. ಎಂಥ ತಪ್ಪು ಎಂದು ಹೇಳುವ ಧೈರ್ಯ ಮಾತ್ರ ಅವತ್ತೂ ಬರಲಿಲ್ಲ. ನೀನು ಬರೆದೆ ಎಂದು ನಾನು ಬರೆದೆ. ಯಾವಾಗಲೂ ನೀನೇ ಮೊದಲು.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಇಲ್ಲಿಯ ಮನೆಗೆ ಬಾ, ಭಾವನನ್ನೂ ಕರೆದುಕೊಂಡು ಬಾ. ಗಾಡಿ ತಂದು ಕರೆದೊಯ್ಯುತ್ತೇನೆ ಎಂದರೆ ನಿನಗೇನು ಕಾಲಿಲ್ಲವಾ ಎನ್ನುತ್ತೀಯ. ಆದ್ದರಿಂದ ರೈಲಿನಲ್ಲೇ ಬಾ, ಬಸ್ಸಿನಲ್ಲಾದರೂ ಬಾ, ಎಷ್ಟು ಹೊತ್ತಿಗಾದರೂ ಬಾ. ಬೆಳಿಗ್ಗೆ ಆರರಿಂದ ನಾನು ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತಿರುತ್ತೇನೆ.

ನಿನ್ನ ತಮ್ಮ,
ನಂದ